ಎರಡು ಸ್ಟೇಜಿನ ನಡುವೆ

ಐತಪ್ಪಣ್ಣ ನನಗೆ ಬ್ಯಾಗು ದಾಟಿಸಿದ ದಿನ
ಒಂದು ವಿಸಿಲು ಕೊಟ್ಟ, ಎಣ್ಣೆ ಹಿಡಿದ ಒಂದು ಪಟ್ಟಿ ಕೊಟ್ಟ:
ಮೂಲ್ಕಿಯಿಂದ ಸ್ಟೇಟ್‌ಬ್ಯಾಂಕಿಗೆ ಹದಿನಾಲ್ಕು ಸ್ಟೇಜು,
ಒಂದೊಂದಕ್ಕೂ ಇಷ್ಟಿಷ್ಟು ಪೈಸೆ.
"ಭೂಗೋಳ ಅಂದ್ರೆ ಇದೇ ಮಾರಾಯ,
ಉಳಿದದ್ದು ಬರೀ ರಸ್ತೆ" ಅಂದ.

ಆಗ ಕೂಳೂರು ಸಂಕ ಬಂದರೆ ಸಾಕು,
ಬಸ್ಸಿನೊಳಗೆ ಒಂದು ಗಡಿಬಿಡಿ.
ಹೆಂಗಸರು ಸೆರಗಿಗೆ ಪಿನ್ನು ಚುಚ್ಚುವರು,
ಇನ್ನೊಂದು ಪಿನ್ನು ಹಲ್ಲಲ್ಲಿ ಕಚ್ಚಿಕೊಂಡೇ ಮಾತಾಡುವರು;
ಗಂಡಸರ ಕಿಸೆಯಿಂದ ಸಣ್ಣ ಬಾಚಣಿಗೆ;
ಮುಕ್ಕದ ವಾರಿಜಕ್ಕ ಎಲೆಯಡಿಕೆ ಉಗಿದು
ಸುಮ್ಮನೆ ಗಂಭೀರ ಆಗುವಳು.
ಕೆಳಗೆ ಫಲ್ಗುಣಿ. ಆಚೆ ದಡದಲ್ಲಿ ಕುಡ್ಲ.
ನಾನು ಕೂಗಬೇಕೆಂದೇ ಇರಲಿಲ್ಲ.

ಆಮೇಲೆ ಆ ಪಿನ್ನು ಚುಚ್ಚುವ ಜಾಗ ಸರಿಯತೊಡಗಿತು.
ಒಂದು ವರ್ಷ ಪಣಂಬೂರು ಬಂದರಿನ ಎದುರಿಗೆ ಬಂತು
(ಲಾರಿಗಳ ಸಾಲು, ಅದಿರಿನ ಕೆಂಪು ಧೂಳು,
ಪೌಡರು ಹಚ್ಚಿದ್ದೂ ದಂಡ).
ಮತ್ತೆ ಬೈಕಂಪಾಡಿ. ಮತ್ತೆ ಸುರತ್ಕಲ್ಲು.
ಈಗ ಯಾರೂ ಚುಚ್ಚುವುದಿಲ್ಲ.
ಮನೆಯಿಂದಲೇ ಪೇಟೆಯವರಾಗಿ ಹತ್ತುತ್ತಾರೋ,
ಮನೆಯವರಾಗಿಯೇ ಪೇಟೆಯಲ್ಲಿ ಇಳಿಯುತ್ತಾರೋ,
ಟಿಕೆಟ್ ಹರಿಯುವವನಿಗೆ ತಿಳಿಯುವುದಿಲ್ಲ.

ಮಾತೂ ಹಾಗೇ. "ಕುಡ್ಲಗ್ ಪೋಪೆ" ಎನ್ನುತ್ತಿದ್ದರು
ಅಂಗಳದಲ್ಲಿ ನಿಂತು, ಪರದೇಶಕ್ಕೆ ಹೊರಟವರ ಹಾಗೆ.
ಹಳೆಯಂಗಡಿಯಲ್ಲಿ ಹತ್ತಿದ ಹುಡುಗಿ ಈಗ ಫೋನಿನಲ್ಲಿ:
"ಊರಲ್ಲೇ ಇದ್ದೇನೆ, ಹಂಪನಕಟ್ಟೆಗೆ ಬಂದೆ, ಅರ್ಧ ಗಂಟೆ."

ಕಿನ್ನಿಗೋಳಿಯ ಪ್ರೆಸಿಲ್ಲಾ ಬಾಯಿಗೆ
ದೇರಳಕಟ್ಟೆಯಲ್ಲಿ ನೈಟ್ ಡ್ಯೂಟಿ,
ಮಗ ಬಾಳದ ಕಂಪೆನಿಯಲ್ಲಿ,
ಗಂಡನ ಡಯಾಲಿಸಿಸ್ ಸುರತ್ಕಲ್ಲಿನಲ್ಲಿ,
ಮಗಳ ರೋಸು ಮೂಲ್ಕಿಯ ಹಾಲಿನಲ್ಲಿ.
ಪಂಪ್‌ವೆಲ್ಲಿನಲ್ಲಿ ಬಸ್ಸು ಬದಲಿಸಿ
ನಗರದ ಸೊಂಟ ಬಳಸಿ ಹೋಗುತ್ತಾಳೆ.
ಹಂಪನಕಟ್ಟೆ ಮೆಟ್ಟದೆ ವರ್ಷ ಆಯಿತಂತೆ.
"ನಡುವಿನಲ್ಲಿ ಏನುಂಟು ಮಾರಾಯ್ರೆ?"
ನನಗೆ ಉತ್ತರ ಗೊತ್ತಿರಲಿಲ್ಲ. ಚಿಲ್ಲರೆ ಕೊಟ್ಟೆ.

ತುಂಬೆಯ ನೀರು ಪೈಪಿನಲ್ಲಿ ಬರುತ್ತದೆ, ಟಿಕೆಟ್ ಇಲ್ಲ.
ನಮ್ಮ ಕಸ ಪಚ್ಚನಾಡಿಗೆ ಹೋಗುತ್ತದೆ, ಅದಕ್ಕೂ ಇಲ್ಲ.
ಹೋದದ್ದು ವಾಪಸು ಬಂದದ್ದನ್ನು ನಾನು ನೋಡಿಲ್ಲ.
ಬಂದದ್ದುಂಟು. ಒಂದು ಮಳೆಗಾಲ,
ಆ ಕಡೆಯಿಂದ ಹತ್ತಿದವರ ಬಟ್ಟೆಯಲ್ಲಿ.

ಮೊನ್ನೆ ಒಬ್ಬ ಸರ್ವೆಯ ಹುಡುಗ
ನಕ್ಷೆಯನ್ನು ತೊಡೆಯ ಮೇಲೆ ಹರಡಿ ಕೇಳಿದ:
"ಅಂಕಲ್, ನಿಮ್ಮ ಲೆಕ್ಕದಲ್ಲಿ ಮಂಗಳೂರು ಎಲ್ಲಿ ಮುಗಿಯುತ್ತದೆ?"
ಬಸ್ಸು ತುಂಬಿತ್ತು.
"ಪಿರ ಪೋಲೆ, ಪಿರ ಪೋಲೆ" ಅಂದೆ ಬಾಗಿಲಿನವರಿಗೆ.
ಹಿಂದೆ ಹೋಗಿ, ಹಿಂದೆ ಜಾಗ ಉಂಟು.
ಮೂವತ್ತೊಂದು ವರ್ಷದಿಂದ ಇದನ್ನೇ ಹೇಳುತ್ತಿದ್ದೇನೆ,
ಊರೂ ಕೇಳಿಸಿಕೊಂಡಿತೋ ಏನೋ,
ಹಿಂದೆ ಹಿಂದೆ ಸರಿದು ಜಾಗ ಮಾಡಿಕೊಂಡಿದೆ.

ಹುಡುಗನ ಪೆನ್ನು ಮುಕ್ಕದ ಹತ್ತಿರ ತಡೆಯಿತು.
ವಾರಿಜಕ್ಕನ ಸೊಸೆ ಬಗ್ಗಿ ನೋಡಿದಳು:
"ಅಲ್ಲಿ ಗೆರೆ ಎಳೆದರೆ ನಮ್ಮ ಬಾವಿ ಆಚೆ, ಕಕ್ಕಸು ಈಚೆ.
ತೆರಿಗೆ ಯಾವುದಕ್ಕೆ?"
ಇಡೀ ಬಸ್ಸು ನಕ್ಕಿತು. ಹುಡುಗ ಪೆನ್ನು ಮುಚ್ಚಿದ.

ಹೆಸರುಗಳದ್ದು ಬೇರೆಯೇ ಕಥೆ.
ಗೋಳಿಮರ ಎಂದು ಕೂಗುತ್ತೇನೆ, ಮರ ಇಲ್ಲ.
ಹಂಚಿನ ಫ್ಯಾಕ್ಟರಿ ಎಂದು ಕೂಗುತ್ತೇನೆ,
ಹದಿನೆಂಟು ಮಾಳಿಗೆಯ ಲಿಫ್ಟಿನಿಂದ ಇಳಿದವರು
ಕೈ ಅಡ್ಡ ಹಿಡಿದು ನಿಲ್ಲಿಸುತ್ತಾರೆ.

ರಾತ್ರಿ ಕೊನೆಯ ಟ್ರಿಪ್ಪು.
ನನ್ನ ಮನೆ ಎರಡು ಸ್ಟೇಜಿನ ನಡುವೆ,
ಐತಪ್ಪಣ್ಣನ ಪಟ್ಟಿಯಲ್ಲಿ ಇಲ್ಲದ ಕಡೆ.
ಸ್ಟೇರಿಂಗಿನ ಮೋನಾಕ ಕೇಳದೆಯೇ ಬ್ರೇಕು ಒತ್ತುತ್ತಾನೆ,
ನಾನು ಇಳಿದು, ಕತ್ತಲಲ್ಲಿ ನಿಂತು,
ನಾನಿಲ್ಲದ ಬಸ್ಸಿಗೆ ವಿಸಿಲು ಊದುತ್ತೇನೆ.

ಈಚೆಗೆ ಅಲ್ಲಿ ಇನ್ನೂ ಮೂವರು ಇಳಿಯುತ್ತಾರೆ,
ಹೊಸ ಬಾಡಿಗೆ ಕೋಣೆಗಳವರು.
ಈ ಸ್ಟಾಪಿಗೊಂದು ಹೆಸರು ಬೇಕು ಅನ್ನುತ್ತಾರೆ.
"ಕಂಡಕ್ಟರನ ಮನೆ" ಅಂದ ಒಬ್ಬ, ಮೊಬೈಲಿನ ಬೆಳಕು ನನ್ನ ಕಾಲಿಗೆ ಹಿಡಿದು.

ಬೇಡ ಮಾರಾಯ, ಅಂದೆ.
ಈ ರೂಟಿನಲ್ಲಿ ಹೆಸರಿಟ್ಟದ್ದು ಯಾವುದೂ ಉಳಿದಿಲ್ಲ.